ಅರ್ಧ ರೆಕ್ಕೆಯಿಂದ ಏನು ಪ್ರಯೋಜನ?

ಮನೆಯಂಗಳದಲ್ಲಿ ಮಣ್ಣು ಕೆದಕುವ ಕೋಳಿಯನ್ನು ನಾವೆಲ್ಲರೂ ದಿನವೂ ಕಾಣುತ್ತೇವೆ. ಆದರೆ ಅದರ ಕಾಲನ್ನು ಸಾವಕಾಶವಾಗಿ ನೋಡಿದವರು ಎಷ್ಟು ಮಂದಿ? ಮೈತುಂಬ ಹೊದ್ದುಕೊಂಡ ಗರಿ ಕಾಲಿನ ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಉಗುರಿನವರೆಗೆ ಇರುವುದು ಹಾವು, ಹಲ್ಲಿ, ಉಡಗಳ ಮೈಮೇಲೆ ಕಾಣುವಂತಹ ಹುರುಪೆ. ಮುಂದಕ್ಕೆ ಮೂರು ಬೆರಳು, ಹಿಂದಕ್ಕೆ ಒಂದು. ಮಳೆಗಾಲದ ಕೆಸರಿನಲ್ಲಿ ಕೋಳಿ ನಡೆದುಹೋದರೆ ಮೂರು ಬೆರಳಿನ ಅಚ್ಚು ಸ್ಪಷ್ಟವಾಗಿ ಮೂಡುತ್ತದೆ.

ಇದೇ ಆಕಾರದ, ಆದರೆ ಬಹಳ ದೊಡ್ಡದಾದ ಹೆಜ್ಜೆಗುರುತುಗಳು ಅಮೆರಿಕದ ಕನೆಕ್ಟಿಕಟ್ ಕಣಿವೆಯ ಕಲ್ಲುಹಾಸುಗಳಲ್ಲಿವೆ. ಎಡ್ವರ್ಡ್ ಹಿಚ್‌ಕಾಕ್ ಎಂಬ ಭೂಗರ್ಭಶಾಸ್ತ್ರಜ್ಞರು 1836ರಲ್ಲಿ ಅವುಗಳನ್ನು ವರ್ಣಿಸಿ, ಹಿಂದೊಂದು ಕಾಲದಲ್ಲಿ ಓಡಾಡಿದ ದೈತ್ಯ ಹಕ್ಕಿಗಳ ಹೆಜ್ಜೆಗಳಿವು ಎಂದು ಬರೆದರು. ಅವು ಡೈನೋಸಾರ್‌ಗಳ ಹೆಜ್ಜೆಗಳೆಂದು ಮುಂದೆ ಗೊತ್ತಾಯಿತು. ಹಾಗಾದರೆ ಹಿಚ್‌ಕಾಕ್ ಅವರದು ಬರಿಯ ತಪ್ಪೇ? ಪ್ರಾಣಿಯ ಹೆಸರನ್ನು ಅವರು ತಪ್ಪಿ ಹೇಳಿದರು; ಹೋಲಿಕೆಯನ್ನು ಮಾತ್ರ ಸರಿಯಾಗಿಯೇ ಹಿಡಿದಿದ್ದರು. ಹಕ್ಕಿಗಳು ಡೈನೋಸಾರ್‌ಗಳ ದೂರದ ನೆಂಟರಲ್ಲ, ಆ ಕುಲದಲ್ಲಿ ಇಂದಿಗೂ ಉಳಿದುಬಂದಿರುವ ಒಂದು ಕವಲೇ ಹಕ್ಕಿಗಳು ಎಂಬುದು ಈಗ ಪ್ರಾಣಿಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪಿರುವ ಮಾತು.

ತರಗತಿಯಲ್ಲಿ ಈ ವಿಷಯ ಬಂದಾಗ ಮಕ್ಕಳು ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ. ನೆಲದ ಮೇಲೆ ಓಡುತ್ತಿದ್ದ ಪ್ರಾಣಿಗೆ ಒಮ್ಮೆಲೇ ರೆಕ್ಕೆ ಬಂದಿತೇ? ಹಾಗಲ್ಲ, ಸ್ವಲ್ಪಸ್ವಲ್ಪವಾಗಿ ಬಂದಿತು ಎನ್ನುವುದಾದರೆ, ಹಾರಲಾಗದ ಅರ್ಧ ರೆಕ್ಕೆಯಿಂದ ಅದಕ್ಕೆ ಏನು ಪ್ರಯೋಜನ? ಇದು ನಕ್ಕು ತಳ್ಳಿಬಿಡುವ ಪ್ರಶ್ನೆಯಲ್ಲ. ಡಾರ್ವಿನ್ ತಮ್ಮ ವಿಕಾಸವಾದದ ಗ್ರಂಥವನ್ನು ಪ್ರಕಟಿಸಿದ್ದು 1859ರಲ್ಲಿ. 1871ರಲ್ಲಿ ಸೇಂಟ್ ಜಾರ್ಜ್ ಮೈವರ್ಟ್ ಎಂಬ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞರು ಹೆಚ್ಚುಕಡಿಮೆ ಇದೇ ಆಕ್ಷೇಪವನ್ನು ಎತ್ತಿದರು. ಅಂಗವೊಂದು ಪೂರ್ಣವಾಗುವ ಮೊದಲಿನ ಹಂತಗಳಲ್ಲಿ ಪ್ರಾಣಿಗೆ ಅದರ ಲಾಭವೇನು ಎಂಬುದು ಅವರ ವಾದ. ಮರುವರ್ಷದ ಆವೃತ್ತಿಯಲ್ಲಿ ಡಾರ್ವಿನ್ ಇಂತಹ ಆಕ್ಷೇಪಗಳಿಗಾಗಿಯೇ ಒಂದು ಹೊಸ ಅಧ್ಯಾಯವನ್ನು ಸೇರಿಸಿದರು. ಆದರೆ ಹಕ್ಕಿಯ ರೆಕ್ಕೆಯ ವಿಷಯದಲ್ಲಿ ಕಲ್ಲುಗಳೇ ಸಾಕ್ಷಿ ನುಡಿಯಲು ಇನ್ನೂ ನೂರಕ್ಕಿಂತ ಹೆಚ್ಚು ವರ್ಷ ಬೇಕಾಯಿತು. ಆ ಸಾಕ್ಷಿಯನ್ನು ಇಲ್ಲಿ ಕ್ರಮವಾಗಿ ನೋಡೋಣ.

ಕಲ್ಲಚ್ಚಿನ ಕಲ್ಲಿನಲ್ಲಿ ಒಂದು ಗರಿ

ಜರ್ಮನಿಯ ಬವೇರಿಯ ಪ್ರಾಂತದಲ್ಲಿ ಸೋಲ್ನ್‌ಹೋಫನ್ ಎಂಬ ಊರಿದೆ. ಅಲ್ಲಿಯ ಸುಣ್ಣಕಲ್ಲು ಬಹಳ ನುಣುಪು, ಹಲಗೆಹಲಗೆಯಾಗಿ ಏಳುತ್ತದೆ. ನಯ ಮಾಡಿದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ನೀರು ಸವರಿ, ಅದರಿಂದ ಕಾಗದಕ್ಕೆ ಅಚ್ಚು ತೆಗೆಯುವ ವಿಧಾನಕ್ಕೆ ಕಲ್ಲಚ್ಚು ಎಂದು ಹೆಸರು. ಅದಕ್ಕೆ ಸೋಲ್ನ್‌ಹೋಫನ್ನಿನ ಕಲ್ಲು ಅತ್ಯುತ್ತಮವೆಂದು ಪ್ರಖ್ಯಾತವಾಗಿತ್ತು. ಕಲ್ಲಚ್ಚು ಕನ್ನಡಿಗರಿಗೂ ಅಪರಿಚಿತವಲ್ಲ. 1843ರಲ್ಲಿ ಹೆರ್ಮನ್ ಮೊಗ್ಲಿಂಗರು ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದದ್ದು ಈ ವಿಧಾನದಲ್ಲಿಯೇ.

ಸುಮಾರು 15 ಕೋಟಿ ವರ್ಷಗಳ ಹಿಂದೆ ಸೋಲ್ನ್‌ಹೋಫನ್ ಪ್ರದೇಶ ಬೆಚ್ಚನೆಯ ಹಿನ್ನೀರಾಗಿತ್ತು. ತಳದಲ್ಲಿ ನುಣ್ಣನೆಯ ಸುಣ್ಣದ ಕೆಸರು ನಿಧಾನವಾಗಿ ಕೂರುತ್ತಿತ್ತು. ಸತ್ತುಬಿದ್ದ ಪ್ರಾಣಿಯನ್ನು ಎಳೆದಾಡುವ ಜೀವಿಗಳು ಆ ತಳದಲ್ಲಿ ಇರಲಿಲ್ಲ. ಆದ್ದರಿಂದ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯ ನರಗಳು ಕೂಡ ಅಲ್ಲಿ ಅಚ್ಚೊತ್ತಿ ಉಳಿದಿವೆ. ನಮ್ಮ ಕಡೆಯ ಮುರಕಲ್ಲಿನಲ್ಲಿ ಇಂತಹವು ಏಕೆ ಸಿಗುವುದಿಲ್ಲ ಎಂದು ಕೇಳಬಹುದು. ಮುರಕಲ್ಲು ಪದರಪದರವಾಗಿ ಕುಳಿತ ಕೆಸರಿನಿಂದ ಆದದ್ದಲ್ಲ. ಹಳೆಯ ಬಂಡೆ ಬಿಸಿಲು ಮಳೆಗಳಿಗೆ ಶಿಥಿಲವಾಗಿ, ಕಬ್ಬಿಣದ ಅಂಶ ಉಳಿದು ಆದದ್ದು ಅದು. ಎಲುಬು, ಗರಿಗಳನ್ನು ಕಾಪಾಡಿಡುವ ಗುಣ ಅದಕ್ಕಿಲ್ಲ.

1861ರಲ್ಲಿ ಹೆರ್ಮನ್ ಫಾನ್ ಮೇಯರ್ ಎಂಬ ವಿದ್ವಾಂಸರು ಸೋಲ್ನ್‌ಹೋಫನ್ ಕಲ್ಲಿನಲ್ಲಿ ಒಂದೇ ಒಂದು ಗರಿಯ ಅಚ್ಚು ಸಿಕ್ಕಿದೆಯೆಂದು ಪ್ರಕಟಿಸಿದರು. ಅದೇ ವರ್ಷ ಗರಿಗಳ ಸಮೇತ ಒಂದು ಅಸ್ಥಿಪಂಜರವೂ ಬೆಳಕಿಗೆ ಬಂದಿತು. ಆ ಪ್ರಾಣಿಗೆ ಇಟ್ಟ ಹೆಸರು ಆರ್ಕಿಯೊಪ್ಟೆರಿಕ್ಸ್ ಲಿಥೊಗ್ರಾಫಿಕ, ಎಂದರೆ ಕಲ್ಲಚ್ಚಿನ ಕಲ್ಲಿನಲ್ಲಿ ಸಿಕ್ಕ ಪ್ರಾಚೀನ ರೆಕ್ಕೆ. ಅಸ್ಥಿಪಂಜರ ಇದ್ದದ್ದು ಕಾರ್ಲ್ ಹೇಬರ್‌ಲೈನ್ ಎಂಬ ವೈದ್ಯರ ಕೈಯಲ್ಲಿ. ಚಿಕಿತ್ಸೆಯ ಹಣಕ್ಕೆ ಬದಲಾಗಿ ಇಂತಹ ಕಲ್ಲುಗಳನ್ನು ಅವರು ಸ್ವೀಕರಿಸುತ್ತಿದ್ದರಂತೆ. ಅವರ ಸಂಗ್ರಹವನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ 1862ರಲ್ಲಿ 700 ಪೌಂಡು ಕೊಟ್ಟು ಕೊಂಡುಕೊಂಡಿತು.

ಕಾಗೆಯಷ್ಟು ಗಾತ್ರದ ಈ ಪ್ರಾಣಿಗೆ ಹಕ್ಕಿಯಂತೆ ರೆಕ್ಕೆ, ಗರಿಗಳಿದ್ದವು. ಆದರೆ ಹಲ್ಲಿಯಂತೆ ಉದ್ದನೆಯ ಎಲುಬಿನ ಬಾಲವೂ ಇತ್ತು. ರೆಕ್ಕೆಯ ತುದಿಯಲ್ಲಿ ಉಗುರುಳ್ಳ ಮೂರು ಬೆರಳುಗಳಿದ್ದವು. 1870ರ ದಶಕದಲ್ಲಿ ಸಿಕ್ಕ, ಈಗ ಬರ್ಲಿನ್ನಿನಲ್ಲಿರುವ ಇನ್ನೊಂದು ಮಾದರಿಯಲ್ಲಿ ತಲೆಯೂ ಉಳಿದಿದೆ. ಅದರ ಬಾಯಲ್ಲಿ ಹಲ್ಲುಗಳಿವೆ! ಇಂದಿನ ಯಾವ ಹಕ್ಕಿಗೂ ಹಲ್ಲಿಲ್ಲ ಎಂಬುದು ನಿಮಗೆ ಗೊತ್ತು.

ಒಂದು ಎಲುಬಿನ ತಕರಾರು

ಬವೇರಿಯದ ಅದೇ ಬಗೆಯ ಕಲ್ಲುಗಳಲ್ಲಿ ಕಾಂಪ್ಸೊಗ್ನಾಥಸ್ ಎಂಬ ಕೋಳಿಗಾತ್ರದ ಡೈನೋಸಾರ್ ಸಿಕ್ಕಿತ್ತು. ಇಂಗ್ಲೆಂಡಿನ ಥಾಮಸ್ ಹಕ್ಸ್‌ಲಿ ಅವರು ಅದನ್ನೂ ಹಕ್ಕಿಗಳನ್ನೂ ಹೋಲಿಸಿ, ಹಕ್ಕಿಗಳು ಡೈನೋಸಾರ್‌ಗಳಿಗೆ ಅತಿ ಸಮೀಪದವು ಎಂದು 1868ರ ಸುಮಾರಿಗೆ ವಾದಿಸಿದರು. ಹೋಲಿಕೆ ಎಷ್ಟು ಗಾಢವೆಂದರೆ, 1951ರಲ್ಲಿ ಸಿಕ್ಕ ಒಂದು ಆರ್ಕಿಯೊಪ್ಟೆರಿಕ್ಸ್, ಗರಿಯ ಗುರುತು ತೀರ ಮಸುಕಾಗಿದ್ದ ಕಾರಣ, ಸುಮಾರು ಇಪ್ಪತ್ತು ವರ್ಷ ಕಾಂಪ್ಸೊಗ್ನಾಥಸ್ ಎಂದೇ ಎಣಿಸಲ್ಪಟ್ಟಿತ್ತು.

ಆದರೂ ಹಕ್ಸ್‌ಲಿಯವರ ಮಾತು ಬಹುಕಾಲ ಮೂಲೆಗೆ ಸರಿಯಿತು. ಅದಕ್ಕೆ ಕಾರಣ ಒಂದು ಸಣ್ಣ ಎಲುಬು. ಹಕ್ಕಿಯ ಎದೆಯ ಮುಂಭಾಗದಲ್ಲಿ, ಎರಡು ಹೆಗಲುಗಳ ನಡುವೆ, ಕವೆಯಂತಹ ಒಂದು ಎಲುಬಿದೆ. ಕೋಳಿಯ ಪದಾರ್ಥ ಮಾಡುವವರು ಇದನ್ನು ಬಲ್ಲರು. ಎರಡು ಕೊರಳೆಲುಬುಗಳು ಕೂಡಿ ಆದದ್ದು ಇದು. ಡೆನ್ಮಾರ್ಕಿನ ಚಿತ್ರಕಾರ ಗೆರ್‌ಹಾರ್ಡ್ ಹೈಲ್‌ಮನ್ ಅವರು 1926ರಲ್ಲಿ ಇಂಗ್ಲಿಷಿನಲ್ಲಿ ಬಂದ ತಮ್ಮ ಗ್ರಂಥದಲ್ಲಿ, ಡೈನೋಸಾರ್‌ಗಳಿಗೆ ಕೊರಳೆಲುಬು ಇಲ್ಲ, ಒಮ್ಮೆ ಕಳೆದುಹೋದ ಎಲುಬು ಮತ್ತೆ ಹುಟ್ಟಲಾರದು, ಆದ್ದರಿಂದ ಹಕ್ಕಿಗಳು ಅವುಗಳ ಸಂತಾನವಾಗಲಾರವು ಎಂದರು. ತರ್ಕ ಸರಿಯಾಗಿಯೇ ಇತ್ತು. ಆಧಾರ ಮಾತ್ರ ಸರಿಯಿರಲಿಲ್ಲ. ಮುಂದೆ ಎಷ್ಟೋ ಡೈನೋಸಾರ್‌ಗಳಲ್ಲಿ ಈ ಕವೆಯೆಲುಬು ಸಿಕ್ಕಿತು. ಆಗಲೇ ಸಿಕ್ಕಿದ್ದ ಒಂದರಲ್ಲಿ ಅದು ಇದ್ದರೂ, ಬೇರೆ ಎಲುಬೆಂದು ತಿಳಿದುಬಿಟ್ಟಿದ್ದರು. 'ಕಾಣಲಿಲ್ಲ' ಎಂಬುದಕ್ಕೂ 'ಇಲ್ಲ' ಎಂಬುದಕ್ಕೂ ಇರುವ ಅಂತರವನ್ನು ಇದರಿಂದ ತಿಳಿಯಬಹುದು.

ಹಕ್ಸ್‌ಲಿಯವರ ವಾದಕ್ಕೆ ಮರುಜೀವ ಕೊಟ್ಟವರು ಅಮೆರಿಕದ ಜಾನ್ ಆಸ್ಟ್ರಮ್. 1964ರಲ್ಲಿ ಮೊಂಟಾನ ರಾಜ್ಯದಲ್ಲಿ ಅವರಿಗೆ ಡೈನೊನಿಕಸ್ ಎಂಬ ಚುರುಕಾದ ಬೇಟೆಗಾರ ಡೈನೋಸಾರಿನ ಎಲುಬುಗಳು ಸಿಕ್ಕಿದವು. 1969ರಲ್ಲಿ ವಿವರ ಪ್ರಕಟವಾಯಿತು. ಅದರ ಮಣಿಕಟ್ಟಿನಲ್ಲಿ ಅರ್ಧಚಂದ್ರಾಕಾರದ ಒಂದು ಎಲುಬಿತ್ತು. ಅದರಿಂದ ಕೈ ಬದಿಗೆ ಮಡಚುತ್ತಿತ್ತು. ಹಕ್ಕಿ ರೆಕ್ಕೆ ಮಡಚಿಕೊಳ್ಳುವುದೂ ಹೀಗೆಯೇ. ಆರ್ಕಿಯೊಪ್ಟೆರಿಕ್ಸ್‌ನ ಮಣಿಕಟ್ಟೂ ಅಂತಹದೇ. ಎಲುಬಿಗೆ ಎಲುಬು ಹೋಲಿಸುತ್ತ ಹೋದ ಆಸ್ಟ್ರಮ್, ಹಕ್ಕಿಗಳ ಮೂಲ ಡೈನೋಸಾರ್‌ಗಳಲ್ಲಿಯೇ ಇದೆ ಎಂದು 1970ರ ದಶಕದಲ್ಲಿ ಸಾಧಿಸಿದರು.

ಗರಿ ಇತ್ತು, ಹಾರಾಟ ಇರಲಿಲ್ಲ

ಎಲುಬುಗಳ ಸಾಕ್ಷಿಯೇನೋ ದೊರೆಯಿತು. ಗರಿಗಳುಳ್ಳ ಡೈನೋಸಾರ್ ಎಲ್ಲಿ? 1996ರಲ್ಲಿ ಈಶಾನ್ಯ ಚೀನಾದ ಲಿಯಾವೊನಿಂಗ್ ಪ್ರಾಂತದಲ್ಲಿ ರೈತರೊಬ್ಬರು ಒಂದು ಕಲ್ಲನ್ನು ಸೀಳಿದಾಗ ಅದೂ ಬೆಳಕಿಗೆ ಬಂದಿತು. ಅಲ್ಲಿ ಹಿಂದೆ ಸರೋವರಗಳೂ ಜ್ವಾಲಾಮುಖಿಗಳೂ ಇದ್ದವು. ಸತ್ತ ಪ್ರಾಣಿಗಳ ಮೇಲೆ ನಯವಾದ ಬೂದಿ, ಕೆಸರುಗಳು ಕುಳಿತು ಅವುಗಳನ್ನು ಕಾಪಾಡಿದ್ದವು. ಸುಮಾರು 12.5 ಕೋಟಿ ವರ್ಷ ಹಳೆಯದಾದ ಆ ಸಣ್ಣ ಡೈನೋಸಾರಿಗೆ ಸೈನೊಸಾರೊಪ್ಟೆರಿಕ್ಸ್ ಎಂದು ಹೆಸರಾಯಿತು. ತಲೆಯಿಂದ ಬಾಲದ ತುದಿಯವರೆಗೆ ಅದರ ಬೆನ್ನಿನ ಮೇಲೆ ಕೋಳಿಮರಿಯ ತುಪ್ಪುಳದಂತಹ ಎಳೆಗಳಿದ್ದವು. 2010ರಲ್ಲಿ ಸೂಕ್ಷ್ಮದರ್ಶಕದಿಂದ ಆ ಎಳೆಗಳನ್ನು ಪರೀಕ್ಷಿಸಿದಾಗ ಬಣ್ಣದ ಕಣಗಳು ಕಂಡುಬಂದು, ಬಾಲದಲ್ಲಿ ಕಂದುಗೆಂಪು ಮತ್ತು ಬಿಳಿಯ ಪಟ್ಟೆಗಳಿದ್ದವೆಂದು ತಿಳಿಯಿತು.

1998ರಲ್ಲಿ ಕಾಡಿಪ್ಟೆರಿಕ್ಸ್ ಎಂಬ ಇನ್ನೊಂದು ಪ್ರಾಣಿಯ ವಿವರ ಬಂದಿತು. ಅದರ ಬಾಲದ ತುದಿಯಲ್ಲಿ ಬೀಸಣಿಗೆಯಂತೆ ಹರಡಿದ ನಿಜವಾದ ಗರಿಗಳು, ಕೈಗಳ ಮೇಲೂ ಗರಿಗಳು. ಆದರೆ ಕೈಗಳು ಗಿಡ್ಡ, ಗರಿಗಳೂ ಗಿಡ್ಡ. ಅದು ಹಾರುವ ಪ್ರಾಣಿಯಾಗಿರಲಿಲ್ಲ. 2012ರಲ್ಲಿ ಯೂಟಿರಾನಸ್ ಎಂಬ ಸುಮಾರು 9 ಮೀಟರ್ ಉದ್ದದ ದೈತ್ಯನ ಮೈಮೇಲೂ ಎಳೆಗರಿಗಳು ಕಂಡವು. ಅದರ ತೂಕ ಸುಮಾರು 1400 ಕಿಲೋ ಇದ್ದಿರಬೇಕೆಂದು ಅಂದಾಜು. ಇಂತಹ ಪ್ರಾಣಿ ಹಾರುವ ಮಾತೆಲ್ಲಿ ಬಂತು?

ಮುಖ್ಯವಾದ ಸಂಗತಿ ಇಲ್ಲಿದೆ. ಗರಿ ಹುಟ್ಟಿದ್ದು ಹಾರುವುದಕ್ಕಾಗಿ ಅಲ್ಲ. ಹಾರಾಟಕ್ಕಿಂತ ಬಹು ಮೊದಲೇ ಅದು ಇತ್ತು. ಮೈಯನ್ನು ಬೆಚ್ಚಗಿಡುವುದು, ಜೊತೆಗಾರರಿಗೆ ಬಣ್ಣ ತೋರಿಸುವುದು ಮುಂತಾದ ಬೇರೆ ಕೆಲಸಗಳು ಅದಕ್ಕಿದ್ದವು.

ಭಾಷೆಯ ಅಧ್ಯಾಪಕರಾದ ನಮಗೆ ಇಲ್ಲಿ ನಮ್ಮದೇ ಒಂದು ಪದ ನೆನಪಾಗುತ್ತದೆ. 'ಓಲೆ' ಎಂದರೆ ಮೊದಲು ತಾಳೆಯ ಎಲೆ. ಅದರ ಮೇಲೆ ಕಂಟದಿಂದ ಬರೆದು ಕಳುಹಿಸತೊಡಗಿದ ಮೇಲೆ ಓಲೆ ಎಂದರೆ ಕಾಗದವಾಯಿತು. ಎಲೆಯನ್ನು ಸುರುಳಿ ಸುತ್ತಿ ಕಿವಿಗಿಟ್ಟುಕೊಂಡಾಗ ಆಭರಣವಾಯಿತು. ಇಂದು ಚಿನ್ನದ್ದಾದರೂ ಅದು ಓಲೆಯೇ. ತಾಳೆಯ ಮರ ಎಲೆ ಬಿಟ್ಟದ್ದು ಪತ್ರ ಬರೆಯಲಿಕ್ಕೂ ಅಲ್ಲ, ಕಿವಿಗೆ ಇಡಲಿಕ್ಕೂ ಅಲ್ಲ. ಇದ್ದದ್ದು ಹೊಸ ಕೆಲಸಕ್ಕೆ ಒದಗಿತು. ಗರಿಯ ಕಥೆಯೂ ಹಾಗೆಯೇ. ಗರಿ ಮಾತ್ರವಲ್ಲ, ಟೊಳ್ಳಾದ ಹಗುರ ಎಲುಬು, ಕವೆಯೆಲುಬು, ಮಡಚುವ ಮಣಿಕಟ್ಟು ಇವೆಲ್ಲವೂ ಹಾರದ ಡೈನೋಸಾರ್‌ಗಳಲ್ಲಿ ಆಗಲೇ ಇದ್ದವು.

ಮೊಟ್ಟೆಗಳ್ಳನೆಂಬ ಅಪವಾದ

ಗರಿಗಿದ್ದ ಇನ್ನೊಂದು ಕೆಲಸವನ್ನು ತಿಳಿಸುವ ಒಂದು ಸ್ವಾರಸ್ಯದ ಪ್ರಸಂಗವಿದೆ. 1923ರಲ್ಲಿ ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ ಒಂದು ಡೈನೋಸಾರಿನ ಅಸ್ಥಿಪಂಜರ ಮೊಟ್ಟೆಗಳ ಬಳಿಯಲ್ಲಿ ಸಿಕ್ಕಿತು. ಮೊಟ್ಟೆಗಳು ಬೇರೆ ಜಾತಿಯವು, ಇದು ಕದಿಯಲು ಬಂದದ್ದು ಎಂದು ಊಹಿಸಿ, ಮರುವರ್ಷ ಅದಕ್ಕೆ ಓವಿರಾಪ್ಟರ್, ಅಂದರೆ ಮೊಟ್ಟೆಗಳ್ಳ, ಎಂದು ಹೆಸರಿಟ್ಟರು. ಎಪ್ಪತ್ತು ವರ್ಷ ಆ ಅಪವಾದ ನಿಂತಿತು. 1993ರಲ್ಲಿ ಗೋಬಿಯಲ್ಲಿಯೇ ಅಂತಹದೊಂದು ಮೊಟ್ಟೆಯೊಳಗೆ ಭ್ರೂಣದ ಎಲುಬುಗಳು ದೊರೆತವು. ಅವು ಓವಿರಾಪ್ಟರ್ ಕುಲದವೇ ಆಗಿದ್ದವು. ಅದರ ಹಿಂದೆಯೇ ಗೂಡಿನ ಮೇಲೆ ಕಾವು ಕುಳಿತ ಭಂಗಿಯಲ್ಲಿ, ಗರಿ ಇದ್ದಿರಬಹುದಾದ ಕೈಗಳನ್ನು ಮೊಟ್ಟೆಗಳ ಸುತ್ತ ಚಾಚಿಕೊಂಡೇ ಸತ್ತ ಒಂದು ಪ್ರಾಣಿ ಸಿಕ್ಕಿತು. ಕಳ್ಳನೆಂದು ಕರೆಸಿಕೊಂಡದ್ದು ನಿಜವಾಗಿ ತನ್ನ ಮೊಟ್ಟೆಗಳನ್ನು ಕಾಯುತ್ತಿದ್ದ ಕುಲದ್ದು. ಹಾರಲಾಗದ ಅರ್ಧ ರೆಕ್ಕೆಯೂ ಮೊಟ್ಟೆಗಳಿಗೆ ಹೊದಿಕೆಯಾಗಬಲ್ಲದು. ಅಂಗಳದ ಹೇಂಟೆ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಚಕೋರದ ಮರಿಗಳು

ಇನ್ನು, ಅರ್ಧ ರೆಕ್ಕೆ ಹಾರಾಟದ ಕಡೆಗೆ ತಿರುಗಿದ್ದು ಹೇಗೆ? ಈ ಬಗ್ಗೆ ಎರಡು ಹಳೆಯ ವಾದಗಳಿವೆ. ಮರವೇರಿದ ಪ್ರಾಣಿಗಳು ಕೆಳಕ್ಕೆ ತೇಲುತ್ತ ಹಾರಲು ಕಲಿತವು ಎಂಬುದು ಒಂದು. ನೆಲದ ಮೇಲೆ ಓಡುತ್ತ, ಕೈ ಬಡಿಯುತ್ತ ಮೇಲಕ್ಕೆದ್ದವು ಎಂಬುದು ಇನ್ನೊಂದು. 2003ರಲ್ಲಿ ಅಮೆರಿಕದ ಕೆನೆತ್ ಡಯಲ್ ಎಂಬ ಪ್ರಾಣಿಶಾಸ್ತ್ರಜ್ಞರು ಕಲ್ಲುಗಳನ್ನು ಬಿಟ್ಟು ಜೀವಂತ ಹಕ್ಕಿಮರಿಗಳನ್ನೇ ಪರೀಕ್ಷಿಸಿದರು. ಅವರು ಆರಿಸಿಕೊಂಡದ್ದು ಇಂಗ್ಲಿಷಿನಲ್ಲಿ ಚುಕಾರ್ ಎನ್ನುವ ಹಕ್ಕಿ. ಆ ಹೆಸರು ಬಂದದ್ದು ನಮ್ಮ 'ಚಕೋರ'ದಿಂದ. ಬೆಳದಿಂಗಳನ್ನೇ ಕುಡಿದು ಬದುಕುತ್ತದೆ ಎಂದು ಕವಿಗಳು ಹಾಡಿದರೂ, ನಿಜದಲ್ಲಿ ಅದು ಕಾಳು, ಚಿಗುರು, ಹುಳಗಳನ್ನು ತಿನ್ನುವ, ಹಿಮಾಲಯದ ಇಳಿಜಾರುಗಳಲ್ಲಿಯೂ ಓಡಾಡುವ ಹಕ್ಕಿ.

ಹಾರಲು ಬಾರದ ಚಕೋರದ ಮರಿಗಳು ಕಡಿದಾದ ಏರನ್ನು ಕಂಡಾಗ ಪುಟ್ಟ ರೆಕ್ಕೆಗಳನ್ನು ಬಡಿಯುತ್ತ ಓಡಿ ಹತ್ತುತ್ತಿದ್ದವು. ಆ ಬಡಿತ ಮರಿಯನ್ನು ಗಾಳಿಗೆ ಎತ್ತುತ್ತಿರಲಿಲ್ಲ. ಅದರ ಕಾಲುಗಳನ್ನು ಏರಿನ ಮೇಲೆ ಒತ್ತಿ ಹಿಡಿದು, ಜಾರದಂತೆ ಮಾಡುತ್ತಿತ್ತು. ಗರಿ ಬೆಳೆದಂತೆಲ್ಲ ಇನ್ನೂ ಕಡಿದಾದ ಏರನ್ನು ಅವು ಹತ್ತಿದವು. ಗರಿಯನ್ನು ಕತ್ತರಿಸಿದಾಗ ಶಕ್ತಿ ಕುಂದಿತು. ಹಿಂದಿನ ಡೈನೋಸಾರ್‌ಗಳು ಹೀಗೆಯೇ ಮಾಡಿದವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಅರ್ಧ ರೆಕ್ಕೆಗೂ ಪ್ರಯೋಜನ ಉಂಟು, ಮುಕ್ಕಾಲು ರೆಕ್ಕೆಗೆ ಇನ್ನೂ ಹೆಚ್ಚು ಉಂಟು ಎಂಬುದು ಕಣ್ಣೆದುರೇ ಕಂಡಿತು.

ಪ್ರಕೃತಿ ಒಂದೇ ದಾರಿಯಲ್ಲಿ ನಡೆದಂತೆಯೂ ಕಾಣುವುದಿಲ್ಲ. ಚೀನಾದ ಕ್ಸು ಕ್ಸಿಂಗ್ ಮತ್ತು ಸಂಗಡಿಗರು 2003ರಲ್ಲಿ ವರ್ಣಿಸಿದ ಮೈಕ್ರೊರಾಪ್ಟರ್‌ಗೆ ಕೈಗಳಲ್ಲಿ ಮಾತ್ರವಲ್ಲ, ಕಾಲುಗಳಲ್ಲಿಯೂ ಉದ್ದ ಗರಿಗಳಿದ್ದವು. ನಾಲ್ಕು ರೆಕ್ಕೆಯ ಪ್ರಾಣಿ! 2015ರಲ್ಲಿ ಪ್ರಕಟವಾದ 'ಯಿ' ಎಂಬ ಪುಟ್ಟ ಡೈನೋಸಾರಿಗೆ ಮೈಮೇಲೆ ಗರಿಯಿದ್ದರೂ, ರೆಕ್ಕೆ ಮಾತ್ರ ಬಾವಲಿಯದರಂತೆ ಚರ್ಮದ್ದು. ಅಂತಹ ರೆಕ್ಕೆ ಯಾವ ಹಕ್ಕಿಗೂ ಉಳಿದುಬರಲಿಲ್ಲ. ಇನ್ನು ಆರ್ಕಿಯೊಪ್ಟೆರಿಕ್ಸ್‌ನ ಕಥೆಯೂ ಮುಗಿದಿಲ್ಲ. ಷಿಕಾಗೊ ನಗರದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿರುವ ಒಂದು ಮಾದರಿಯ ವಿವರ 2025ರಲ್ಲಿ ಪ್ರಕಟವಾಯಿತು. ಅದರ ತೋಳಿನ ಮೇಲ್ಭಾಗದಲ್ಲಿ, ರೆಕ್ಕೆಗೂ ಮೈಗೂ ನಡುವಿನ ಸಂದನ್ನು ಮುಚ್ಚುವ ಉದ್ದ ಗರಿಗಳಿವೆ. ಆ ಸಂದು ತೆರೆದಿದ್ದರೆ ಗಾಳಿ ನುಸುಳಿ ಹಾರಾಟ ಕೆಡುತ್ತದೆ. ಹಾರದ ಡೈನೋಸಾರ್‌ಗಳಲ್ಲಿ ಈ ಗರಿಗಳು ಕಂಡುಬಂದಿಲ್ಲ. ಆದ್ದರಿಂದ ಆರ್ಕಿಯೊಪ್ಟೆರಿಕ್ಸ್ ಸ್ವಲ್ಪಮಟ್ಟಿಗಾದರೂ ಹಾರುತ್ತಿತ್ತು ಎಂಬ ಮಾತಿಗೆ ಬಲ ಬಂದಿದೆ. ಮರವೋ ನೆಲವೋ ಎಂಬ ವಾದವಂತೂ ಇಂದಿಗೂ ಮುಂದುವರಿದಿದೆ.

ಅಂಟಿಸಿದ ಕಲ್ಲು

ಇಷ್ಟನ್ನು ಓದಿದವರು, ಇದೆಲ್ಲ ಸುಳ್ಳಾಗಿರಬಾರದೇಕೆ, ಕಲ್ಲನ್ನು ಯಾರೂ ಕೆತ್ತಬಹುದಲ್ಲ ಎಂದು ಸಂದೇಹಪಟ್ಟರೆ ಅದು ಒಳ್ಳೆಯ ಸಂದೇಹವೇ. ಹಾಗೆ ಒಮ್ಮೆ ನಡೆದೂ ಇದೆ. 1999ರ ನವೆಂಬರದಲ್ಲಿ ಅಮೆರಿಕದ ನ್ಯಾಶನಲ್ ಜಿಯೋಗ್ರಾಫಿಕ್ ಪತ್ರಿಕೆ, ಹಕ್ಕಿಯ ಮೈ ಹಾಗೂ ಡೈನೋಸಾರಿನ ಬಾಲ ಉಳ್ಳ 'ಆರ್ಕಿಯೊರಾಪ್ಟರ್' ಎಂಬ ಪ್ರಾಣಿಯ ಸುದ್ದಿಯನ್ನು ಪ್ರಕಟಿಸಿತು. ಕೊಂಡಿಯೇ ಸಿಕ್ಕಿತೆಂದು ಸಂಭ್ರಮ. ಕೆಲವೇ ವಾರಗಳಲ್ಲಿ ಕ್ಸು ಕ್ಸಿಂಗ್ ಅವರಿಗೆ ಚೀನಾದಲ್ಲಿ ಆ ಬಾಲದ್ದೇ ಇನ್ನೊಂದು ಮಗ್ಗುಲಿನ ಕಲ್ಲು ಸಿಕ್ಕಿತು. ಆದರೆ ಅದರಲ್ಲಿ ಬಾಲಕ್ಕೆ ಸೇರಿದ್ದ ಮೈ ಬೇರೆಯೇ ಆಗಿತ್ತು! ಕ್ಷಕಿರಣದ ಪರೀಕ್ಷೆಯೂ ಅದನ್ನೇ ಹೇಳಿತು: ಹಕ್ಕಿಯೊಂದರ ಮೈಗೆ ಪುಟ್ಟ ಡೈನೋಸಾರೊಂದರ ಬಾಲವನ್ನು ಯಾರೋ ಅಂಟಿಸಿ ಮಾರಿದ್ದರು. ಸುದ್ದಿ ಸುಳ್ಳೆಂದು ಒಪ್ಪಿಕೊಂಡ ಪತ್ರಿಕೆ, 2000ದಲ್ಲಿ ಮೋಸ ನಡೆದ ಬಗೆಯನ್ನು ವಿವರವಾಗಿ ಪ್ರಕಟಿಸಿತು.

ಮೋಸವನ್ನು ಹಿಡಿದವರು ವಿಜ್ಞಾನವನ್ನು ನಂಬದ ಹೊರಗಿನವರಲ್ಲ. ಹಕ್ಕಿಗಳು ಡೈನೋಸಾರ್‌ಗಳಿಂದ ಬಂದವೆಂದು ಸ್ವತಃ ಸಾಧಿಸುತ್ತಿದ್ದ ವಿದ್ವಾಂಸರೇ. ತಮ್ಮ ವಾದಕ್ಕೆ ಅನುಕೂಲವಾದ ಸಾಕ್ಷಿಯನ್ನೂ ಅವರು ಪರೀಕ್ಷಿಸದೆ ಬಿಡಲಿಲ್ಲ. ಡೈನೋಸಾರ್‌ಗಳ ಹೆಸರುಗಳನ್ನು ನೀವು ಮರೆತರೂ ನಷ್ಟವಿಲ್ಲ. ಈ ಒಂದು ಗುಣವನ್ನು ಮರೆಯಬಾರದು ಎಂಬುದು ನಮ್ಮ ಆಸೆ. ನಮಗೆ ಇಷ್ಟವಾದ ಮಾತನ್ನೇ ನಾವು ಹೆಚ್ಚು ಎಚ್ಚರದಿಂದ ತೂಗಿ ನೋಡಬೇಕು. ಇದು ಕಲ್ಲಿನ ವಿಷಯದಲ್ಲಿ ಎಷ್ಟು ನಿಜವೋ, ದಿನವೂ ನಮ್ಮ ಕೈಯ ಫೋನಿಗೆ ಬಂದು ಬೀಳುವ ಸುದ್ದಿಯ ವಿಷಯದಲ್ಲಿಯೂ ಅಷ್ಟೇ ನಿಜ.

ನೀವೇ ನೋಡಿ

6.6 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಂದಪ್ಪಳಿಸಿದ ಒಂದು ದೊಡ್ಡ ಬಂಡೆ ಭೂಮಿಯ ಹವೆಯನ್ನೇ ಕೆಡಿಸಿತು. ಉಳಿದ ಡೈನೋಸಾರ್‌ಗಳೆಲ್ಲ ಅಳಿದವು. ಹಕ್ಕಿಗಳಲ್ಲಿ ಕೆಲವು ಮಾತ್ರ ಪಾರಾದವು. ಅವುಗಳ ಸಂತತಿಯೇ ಇಂದಿನ ಹತ್ತು ಸಾವಿರಕ್ಕೂ ಮಿಕ್ಕಿದ ಹಕ್ಕಿಜಾತಿಗಳು.

ಮಕ್ಕಳೇ, ಈ ಲೇಖನವನ್ನು ಓದಿದ ಮೇಲೆ ಶಾಲೆಯ ಅಂಗಳದಲ್ಲಿ ಬಿದ್ದ ಕಾಗೆಯ ಎರಡು ಗರಿಗಳನ್ನು ಹುಡುಕಿರಿ. ಒಂದು ರೆಕ್ಕೆಯ ಉದ್ದ ಗರಿ, ಇನ್ನೊಂದು ಮೈಯ ಸಣ್ಣ ಗರಿ. ಮೈಯ ಗರಿಯಲ್ಲಿ ನಡುವಿನ ದಂಟಿನ ಎರಡು ಬದಿಗಳೂ ಹೆಚ್ಚುಕಡಿಮೆ ಸಮ. ರೆಕ್ಕೆಯ ತುದಿಯ ಗರಿಯಲ್ಲಿ ಒಂದು ಬದಿ ಕಿರಿದು, ಇನ್ನೊಂದು ಅಗಲ. ಕಿರಿದಾದ ಬದಿಯೇ ಗಾಳಿಯನ್ನು ಸೀಳುವ ಮುಂಬದಿ. ಕಾಡಿಪ್ಟೆರಿಕ್ಸ್‌ನ ಗರಿ ಸಮ. ಆರ್ಕಿಯೊಪ್ಟೆರಿಕ್ಸ್‌ನ ರೆಕ್ಕೆಯ ಗರಿ ಅಸಮ. ವಿದ್ವಾಂಸರು ಕಲ್ಲಿನಲ್ಲಿ ನೋಡುವ ಗುರುತುಗಳಲ್ಲಿ ಇದೂ ಒಂದು. ನೋಡಿದ ಮೇಲೆ ಕೈ ತೊಳೆಯಲು ಮರೆಯಬೇಡಿ.

ಹೆತ್ತವರಲ್ಲಿಯೂ ನಮ್ಮದೊಂದು ವಿನಂತಿ. ಮಕ್ಕಳು ಮನೆಗೆ ಬಂದು 'ಅರ್ಧ ರೆಕ್ಕೆಯಿಂದ ಏನು ಪ್ರಯೋಜನ' ಎಂಬಂತಹ ಪ್ರಶ್ನೆ ಕೇಳಿದರೆ, ಪರೀಕ್ಷೆಗೆ ಬಾರದ ವಿಷಯವೆಂದು ಬಾಯಿ ಮುಚ್ಚಿಸದಿರಿ. ಉತ್ತರ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಕೋಳಿಯನ್ನು ಹಿಡಿದು, ಅದರ ಕಾಲನ್ನು ಮಗುವಿನೊಡನೆ ಕುಳಿತು ನೋಡಿರಿ.